ತಾಳ ತಪ್ಪದ ಚಪ್ಪಾಳೆ

ಎಲ್ಲ ಎಡವಟ್ಟಿಗೂ ಕಾರಣ ಚಿಕ್ಕನಿಂಗಮ್ಮನ ಚಪ್ಪಾಳೆ. ಪಾಪ, ಆಕೆ ತೀರಿಕೊಂಡೇ ವರ್ಷವಾಗಿತ್ತು. ಮಗ ನಿಂಗರಾಜು ಗುಂಡ್ಲುಪೇಟೆಯಲ್ಲಿ ವೀಡಿಯೋ ಅಂಗಡಿ ಇಟ್ಟು ಊರವರ ಮದುವೆಗಳನ್ನೆಲ್ಲ ಕ್ಯಾಸೆಟ್ಟಿಗೆ ಹಿಡಿದವನು. ಹೆತ್ತವ್ವ ಮಾತ್ರ ಅವನ ಕ್ಯಾಮೆರಾಕ್ಕೆ ಸಿಕ್ಕಿದ್ದು ಒಂದೇ ಸಲ, ಒಂದೇ ನಿಮಿಷ, ಯಾರದೋ ಮದುವೆಯಲ್ಲಿ ಸೋಬಾನೆಗೆ ಚಪ್ಪಾಳೆ ತಟ್ಟುತ್ತ.

ಇವತ್ತು ಬೇಗೂರಿನಲ್ಲಿ ತಂಗಿ ಕುಮಾರಿಯ ಮದುವೆ. "ಅವ್ವ ಇಲ್ದೆ ನಾ ಹಸೆಮಣೆ ಏರಾಕಿಲ್ಲ ಕಣಣ್ಣ" ಎಂದು ವಾರದಿಂದ ಅಳುತ್ತಿದ್ದಳು. ಸೋಬಾನೆ ಹೊತ್ತಿಗೆ ಟಿ.ವಿ.ಯಲ್ಲಿ ಅವ್ವನನ್ನು ಕರೆಸುತ್ತೇನೆಂದು ನಿಂಗರಾಜು ಮಾತು ಕೊಟ್ಟಿದ್ದ.

ಬೆಳಿಗ್ಗೆ ಚಪ್ಪರದಲ್ಲಿ ಹಾಕಿ ನೋಡಿದರೆ ಸೋಬಾನೆ ಹೇಳಲು ಬಂದಿದ್ದ ಮಾದಮ್ಮನ ಹಾಡು ಒಂದು ದಾರಿ, ಟಿ.ವಿ.ಯೊಳಗೆ ಅವ್ವನ ಕೈ ಇನ್ನೊಂದು ದಾರಿ. ಸೋದರಮಾವ ಮಂಟೇಸ್ವಾಮಿ ಹಣೆ ಚಚ್ಚಿಕೊಂಡ.

"ಏನ್ಲಾ ಇದು! ಗಂಡಿನ ಕಡೇರು ಚಾಮರಾಜನಗರದೋರು ಕಣ್ಲಾ. ಹೆಣ್ಣಿನವ್ವಂಗೆ ತಾಳನೇ ಗೊತ್ತಿಲ್ಲ ಅಂತ ಆಡ್ಕಳಾಕಿಲ್ವಾ? ಸರಿ ಮಾಡ್ಬುಡು."

ಹೇಳುವವರಿಗೇನು ಹೋಗಬೇಕು! ನಿಂಗರಾಜು ಎರಡು ವಿ.ಸಿ.ಆರ್. ಯಂತ್ರಗಳ ಮುಂದೆ ಕೂತ. ತಾಳಕ್ಕೆ ಸರಿಯಾಗಿ ಬಿದ್ದದ್ದು ನಾಲ್ಕೇ ಚಪ್ಪಾಳೆ. ಅವನ್ನೇ ಮತ್ತೆ ಮತ್ತೆ ಇನ್ನೊಂದು ಕ್ಯಾಸೆಟ್ಟಿಗೆ ಇಳಿಸಿದ. ಎರಡು ಯಂತ್ರದಲ್ಲೂ ಚಪ್ಪಾಳೆಯೇ ಇದ್ದರೆ, ಒಂದರಲ್ಲಿ ಕೈ ತಡವಾದಾಗ ಸ್ವಿಚ್ ಒತ್ತಿ ಇನ್ನೊಂದಕ್ಕೆ ಹಾರಬಹುದು. ಆದರೆ ಎರಡನೆಯದಕ್ಕೆ ಹಾಕಲು ಖಾಲಿ ಕ್ಯಾಸೆಟ್ ಮುಗಿದಿತ್ತು.

"ಅಯ್ಯೋ, ತಪ್ಪಿರೋದ್ರ ಮ್ಯಾಲೇ ಹಾಕ್ಬುಡ್ಲಾ! ತಪ್ಪನ್ಯಾಕೆ ಜ್ವಾಪಾನ ಮಾಡೀಯೆ?" ಎಂದ ಮಾವ.

ಮುಹೂರ್ತ ಹತ್ತಿರವಾಗಿತ್ತು. ನಿಂಗರಾಜು ಮೂಲ ಕ್ಯಾಸೆಟ್ಟಿನ ಮೇಲೇ ಹಾಕಿಬಿಟ್ಟ.

ಸೋಬಾನೆ ಶುರುವಾಯಿತು. ಮಾದಮ್ಮನ ಬಾಯಲ್ಲಿ ಎಲೆಯಡಿಕೆ, ಹಾಡು ಎಮ್ಮೆ ನಡಿಗೆ. ನಿಂಗರಾಜು ಟಕ್ ಎಂದು ಒತ್ತಿದ, ಅವ್ವ ಪಟ್ ಎಂದು ತಟ್ಟಿದಳು. ಅಷ್ಟರಲ್ಲಿ ಯಾರೋ "ಊಟಕ್ಕೆ ಎಲೆ ಹಾಕವ್ರೆ!" ಎಂದು ಕೂಗಿದ್ದೇ ತಡ, ಹಾಡುವ ಹೆಂಗಸರಿಗೆ ಎಲ್ಲಿಲ್ಲದ ಅವಸರ ಬಂತು. ಹಾಡು ಓಡಿತು. ನಿಂಗರಾಜುವಿನ ಹೆಬ್ಬೆರಳೂ ಓಡಿತು. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ. ಆ ಯಂತ್ರ, ಈ ಯಂತ್ರ, ಆ ಯಂತ್ರ. ಒಂದೇ ಒಂದು ಚಪ್ಪಾಳೆ ತಪ್ಪಲಿಲ್ಲ.

ಚಪ್ಪರ ಬೆರಗಾಯಿತು. "ಸತ್ತೋಳ್ನೇ ಕರ್ಕಂಡ್ಬಂದು ತಾಳ ಹಾಕಿಸ್ಬುಟ್ಟ ಕಣಪ್ಪ!" ಎಂದು ಗಂಡಿನ ಕಡೆಯ ಮುದುಕನೊಬ್ಬ ಕಣ್ಣೊರೆಸಿಕೊಂಡ. ಮಂಟೇಸ್ವಾಮಿ ತಾನೇ ಒತ್ತಿದವನಂತೆ ಎದೆಯುಬ್ಬಿಸಿ ನಿಂತ. ನಿಂಗರಾಜುವಿಗೆ ಅವ್ವ ಬಂದಳಲ್ಲ, ಅಷ್ಟು ಸಾಕು ಎನಿಸಿತು.

ಹಾಡು ಮುಗಿಯಿತು. ಹಸೆಮಣೆಯ ಮೇಲೆ ಕುಮಾರಿ ಟಿ.ವಿ.ಯನ್ನೇ ನೋಡುತ್ತಿದ್ದಳು.

"ನೋಡ್ದೇನಮ್ಮಿ ಅವ್ವನ್ನ?" ಎಂದು ನಿಂಗರಾಜು ಬಗ್ಗಿ ಕೇಳಿದ.

"ಅವ್ವ ಯಾವತ್ತಣ್ಣ ತಾಳಕ್ಕೆ ಸರ್ಯಾಗಿ ತಟ್ಟಿದ್ಲು?" ಎಂದಳು ಕುಮಾರಿ. "ತಪ್ಪಿದೇಟ್ಗೆ ಸೆರಗು ಬಾಯ್ಗಿಟ್ಕಂಡು ನಗೋಳು. ಈ ಕ್ಯಾಸೆಟ್ನಲ್ಲೂ ನಗ್ತಾಳೆ, ನಾನೇ ನೋಡಿವ್ನಿ. ಈಗ ಬತ್ತದೆ, ಈಗ ಬತ್ತದೆ ಅಂತ ಕಾಯ್ತಾ ಕೂತಿದ್ದೆ. ಆ ನಗೋದೊಂದು ಹಾಕಣ್ಣ."

ನಿಂಗರಾಜು ಎರಡೂ ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸಿದ, ಮುಂದಕ್ಕೆ ಓಡಿಸಿದ. ಚಪ್ಪಾಳೆ, ಚಪ್ಪಾಳೆ, ಬರೀ ಚಪ್ಪಾಳೆ.

ಗಂಡಿನ ಕಡೆಯವರು ಹಿಂದಿನಿಂದ "ಒನ್ಸ್ ಮೋರ್!" ಎಂದು ಕೂಗಿದರು.