ನಮ್ಮ ಮಾವನವರ ಫಾರಿನ್ ಸ್ಪೀಕರ್

ಊರಿನವರ ದನಿಯನ್ನೆಲ್ಲ ದೊಡ್ಡದು ಮಾಡಿಕೊಡುವುದು ನನ್ನ ಕಸುಬು. ಮನೆಯಲ್ಲಿ ನನ್ನ ದನಿ ಮಾತ್ರ ನಡುಮನೆಯಿಂದ ಅಡುಗೆಮನೆಗೆ ಮುಟ್ಟಿದ ದಾಖಲೆಯಿಲ್ಲ. ‘ಗಿರಿಜಾ, ಒಂದು ಲೋಟ ಚಹಾ’ ಎಂದು ಕೂಗಿದರೆ ನನ್ನ ಹೆಂಡತಿಗೆ ಕೇಳಿಸುವುದು ಪಕ್ಕದ ಮನೆಯ ಕುಕ್ಕರಿನ ಸೀಟಿ. ಇದನ್ನು ನಾನು ಬೇಸರದಿಂದ ಹೇಳುತ್ತಿಲ್ಲ. ಜಿಲೇಬಿ ಕರಿಯುವವನಿಗೆ ಸಿಹಿ ಸೇರುವುದಿಲ್ಲ, ಹಲ್ಲಿನ ಡಾಕ್ಟರಿಗೂ ಹಲ್ಲುನೋವು ಬರುತ್ತದೆ; ಇದೂ ಹಾಗೆಯೇ ಎಂದು ಸಮಾಧಾನ ಮಾಡಿಕೊಂಡಿದ್ದೇನೆ. ಆದರೆ ಒಂದು ಭಾನುವಾರ, ಹರಿಹರದ ನನ್ನ ಮಾವನ ಮನೆಯಲ್ಲಿ, ನಾನು ಬಾಯಿಯನ್ನೇ ತೆರೆಯದೆ ಗೆದ್ದುಬಿಟ್ಟೆ. ಆ ಗೆಲುವನ್ನು ಆಗಾಗ ಯಾರಿಗಾದರೂ ಹೇಳದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ. ಈ ಸಲ ನೀವು ಸಿಕ್ಕಿದ್ದೀರಿ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ನಡುವೆ ಒಂದು ತಗಡಿನ ಶೆಡ್ಡಿನಲ್ಲಿ ನಾನೂ ಇಸ್ಮಾಯಿಲನೂ ಪಾಲುದಾರರಾಗಿ ಸ್ಪೀಕರ್ ತಯಾರಿಸುತ್ತಿದ್ದೆವು. ಮರಗೆಲಸ ಅವನದು, ತಂತಿಗೆಲಸ ನನ್ನದು. ಅವನು ಪ್ಲೈವುಡ್ ಕೊಯ್ದು ಪೆಟ್ಟಿಗೆ ಕೂಡಿಸಿ ಕರಿ ರೆಕ್ಸಿನ್ ಹೊದಿಸುವಷ್ಟರಲ್ಲಿ ನಾನು ಕೂದಲೆಳೆಯಂಥ ತಾಮ್ರದ ತಂತಿಯನ್ನು ಸುತ್ತಿ ಸುರುಳಿ ಮಾಡಿ, ಕಾಗದದ ಕೋನಿಗೆ ಅಂಟಿಸಿ, ಅಯಸ್ಕಾಂತದ ಬಾಯಿಗೆ ಇಳಿಸುತ್ತಿದ್ದೆ. ಕೋನನ್ನು ಹಿಡಿದಿಡುವ ಕಬ್ಬಿಣದ ಚೌಕಟ್ಟು ಹರಿಹರದ ಒಂದು ಶೆಡ್ಡಿನಿಂದ ಬರುತ್ತಿತ್ತು. ಅಲ್ಲಿಯವರ ಮುಖ್ಯ ಕೆಲಸ ಟ್ರ್ಯಾಕ್ಟರಿನ ಟ್ರೇಲರ್ ಮಾಡುವುದಾದ್ದರಿಂದ ಟ್ರೇಲರಿಗೆ ಬಳಿದು ಮಿಕ್ಕ ಗಿಣಿಹಸಿರು ಬಣ್ಣವನ್ನೇ ನಮ್ಮ ಚೌಕಟ್ಟಿಗೂ ಬಳಿದು ಕಳಿಸುತ್ತಿದ್ದರು. ಒಳಗಿರುವ ವಸ್ತುವಿಗೆ ಯಾವ ಬಣ್ಣವಾದರೇನು ಎಂದು ನಾವೂ ಸುಮ್ಮನಿದ್ದೆವು. ಭಟ್ಟಿಯ ಹೊಗೆ ನಮ್ಮ ಶೆಡ್ಡಿನೊಳಗೂ ಧಾರಾಳವಾಗಿ ಬರುತ್ತಿದ್ದುದರಿಂದ ಹೊಸ ಸ್ಪೀಕರಿಗೆ ಬಿಸಿ ಮಂಡಕ್ಕಿಯ ವಾಸನೆ ಇರುತ್ತಿತ್ತು. ಹದಡಿಯ ಟ್ರ್ಯಾಕ್ಟರ್ ಮಾಲೀಕರೊಬ್ಬರು ಪೆಟ್ಟಿಗೆಯನ್ನು ಮೂಸಿ ನೋಡಿ, ‘ಹಾಡು ಕೇಳಿದ್ರೆ ಹಸಿವಾಗ್ತೈತಲ್ರೀ’ ಎಂದಿದ್ದರು. ಅದನ್ನು ನಾವು ಹೊಗಳಿಕೆಯೆಂದೇ ಸ್ವೀಕರಿಸಿದೆವು.

ಟ್ರ್ಯಾಕ್ಟರಿನವರು, ಟೆಂಟ್ ಹೌಸಿನವರು, ಭಜನೆ ಸಂಘದವರು ನಮ್ಮ ಗಿರಾಕಿಗಳು. ಆದರೆ ಸ್ವಲ್ಪ ಅನುಕೂಲಸ್ಥರು ಬಂದರೆ ಮೊದಲ ಪ್ರಶ್ನೆಯೇ ‘ಯಾವ ಕಂಪನೀದು?’ ಎಂಬುದು. ‘ನಮ್ದೇ, ಇಲ್ಲೇ ಮಾಡೋದು’ ಎಂದ ಕೂಡಲೇ ಅವರ ಮುಖ ಆರಿದ ದೋಸೆಯಂತಾಗುತ್ತಿತ್ತು. ‘ಹೌದಾ, ಲೋಕಲ್ಲಾ...’ ಎಂದು ಎಳೆದು, ಪೆಟ್ಟಿಗೆಯ ತಲೆಯ ಮೇಲೆ ಅನಾಥ ಮಗುವಿಗೆ ಮಾಡಿದಂತೆ ಒಮ್ಮೆ ತಟ್ಟಿ ಹೋಗಿಬಿಡುತ್ತಿದ್ದರು. ಅದೇ ಸಮಯಕ್ಕೆ ದಿಲ್ಲಿಯ ಕಡೆಯಿಂದ ಮಿಣಮಿಣ ದೀಪದ, ಬೆಳ್ಳಿಬಣ್ಣದ ಪೆಟ್ಟಿಗೆಗಳು ಲಾರಿಗಟ್ಟಲೆ ಬಂದಿಳಿದವು. ನಮ್ಮ ಗಿರಾಕಿಗಳೂ ಕರಗತೊಡಗಿದರು. ಇಸ್ಮಾಯಿಲ್ ಒಂದು ದಿನ ಹಲಗೆ ಉಜ್ಜುತ್ತಿದ್ದ ರಂದ ಕೆಳಗಿಟ್ಟು, ‘ರಾಜಣ್ಣ, ನಮ್ಮ ಮಾಮೂ ಮಂಚ ಮಾಡಾಕ ಕರೀತಾ ಅದಾನೆ. ಮಂಚಕ್ಕೆ ಯಾರೂ ಕಂಪನಿ ಕೇಳಲ್ಲ ನೋಡು’ ಎಂದ. ತಮಾಷೆಯಾಗಿಯೇ ಹೇಳಿದ್ದ. ಆದರೆ ಅವತ್ತು ನಾವಿಬ್ಬರೂ ನಗಲಿಲ್ಲ.

ಇಷ್ಟು ಸಾಲದೆಂಬಂತೆ ನನಗೆ ನನ್ನ ಮಾವ ಚನ್ನವೀರಪ್ಪನವರಿದ್ದರು. ಹರಿಹರದಲ್ಲಿ ಜವಳಿ ಅಂಗಡಿ ಇಟ್ಟವರು, ಸಂಗೀತದ ಹುಚ್ಚಿನವರು. ಒಮ್ಮೆ ಮಾಲು ತರಲು ಮುಂಬಯಿಗೆ ಹೋದಾಗ ಜೋಡಿ ಫಾರಿನ್ ಸ್ಪೀಕರ್ ತಂದು ನಡುಮನೆಯಲ್ಲಿ ಪ್ರತಿಷ್ಠಾಪಿಸಿದ್ದರು. ಪ್ರತಿಷ್ಠಾಪನೆ ಎಂಬುದು ಸುಮ್ಮನೆ ಹೇಳಿದ ಮಾತಲ್ಲ. ಆಯುಧಪೂಜೆಗೆ ಅವುಗಳಿಗೆ ವಿಭೂತಿಯೂ ಬೀಳುತ್ತಿತ್ತು. ನಾನು ಹೋದಾಗಲೆಲ್ಲ ಎದುರಿಗೆ ಕೂರಿಸಿಕೊಂಡು ಕ್ಯಾಸೆಟ್ ಹಾಕುವರು. ‘ಕೇಳ್ರಿ ಅಳಿಯಂದ್ರೇ, ಸೌಂಡು ಅಂದ್ರೆ ಇದು. ನೀವೂ ಮಾಡ್ತೀರಿ, ಇಲ್ಲ ಅನ್ನಲ್ಲ. ಆದ್ರ ಅದು ಟ್ರ್ಯಾಕ್ಟರಿಗೆ ಸೈ.’ ನಾನು ‘ಹೌದು ಮಾವಾರೇ’ ಎನ್ನುವೆ. ಮಗಳನ್ನು ಕೊಟ್ಟ ಮಾವನಿಗೆ ಇದಕ್ಕಿಂತ ಹೆಚ್ಚಿನ ಉತ್ತರ ಕೊಟ್ಟ ಅಳಿಯನನ್ನು ನಾನಿನ್ನೂ ನೋಡಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ನನ್ನ ಅತ್ತೆ ಗಂಗಮ್ಮನವರು ನಮ್ಮ ಶೆಡ್ಡಿನ ಮುಂದೆ ಆಟೋ ಇಳಿದರು. ಜೊತೆಗೆ ಕೌದಿಯಲ್ಲಿ ಸುತ್ತಿದ ಎರಡು ಗಂಟುಗಳು. ಬಸ್ಸಿನಲ್ಲಿ ಕಂಡಕ್ಟರು ‘ಏನಮ್ಮಾ ಇದು?’ ಎಂದು ಕೇಳಿದ್ದಕ್ಕೆ ‘ರೇಡಿಯೋ ಕಣಪ್ಪಾ, ಜ್ವರ ಬಂದೈತೆ’ ಎಂದು ಹೇಳಿ ಬಂದಿದ್ದರಂತೆ. ಕೌದಿ ಬಿಚ್ಚಿದರೆ ಮಾವನವರ ಫಾರಿನ್ ಜೋಡಿ! ಒಂದರ ಮುಂದಿನ ಬಟ್ಟೆ ಸೀಳಿ, ಒಳಗಿನ ಕೋನಿನಲ್ಲಿ ಹೆಬ್ಬೆರಳು ತೂರುವಷ್ಟು ತೂತು.

‘ಜೇಡರ ಬಲೆ ತೆಗೆಯಾಕ ಹೋದೆ ಅಳಿಯಂದ್ರೇ. ಪೊರಕೆ ಹಿಡಿಕೆ ಹೆಂಗೆ ತಿರುಗ್ತೋ ಏನೋ, ಸೀದಾ ಒಳಗೇ ಹೋತು. ನಿಮ್ಮ ಮಾವಾರು ಉಕ್ಕಡಗಾತ್ರಿಗೆ ದೇವ್ರ ದರ್ಶನಕ್ಕೆ ಹೋಗ್ಯಾರೆ, ಅಮಾಸೆ ಮುಗಿಸ್ಕೊಂಡು ಬರ್ತಾರೆ. ಅಷ್ಟರಾಗ ಸರಿ ಮಾಡ್ಕೊಡ್ರಿ. ಅವ್ರಿಗೆ ಮಾತ್ರ ಹೇಳಬ್ಯಾಡ್ರಿ, ನನ್ನಾಣೆ ಐತೆ.’

ಮನೆಯೊಳಗೆ ಯಾರಿಗೂ ಹೆದರದ ಹೆಂಗಸು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದರು. ಆಯಿತು ಎಂದೆ. ತೂತಿಗೆ ತೇಪೆ ಹಾಕಿ ನೋಡಿದೆವು. ದೊಡ್ಡ ಗವಾಯಿಗಳ ಆಲಾಪಕ್ಕೆ ನೆಗಡಿ ಹಿಡಿದಂತಾಯಿತು. ಆ ಅಳತೆಯ ಕೋನು ಎಲ್ಲೂ ಸಿಗುವಂತಿರಲಿಲ್ಲ. ಕೊನೆಗೆ ಇಸ್ಮಾಯಿಲನೇ, ‘ಒಳಗಿಂದು ಪೂರಾ ತೆಗೆದು ನಮ್ದೇ ಹಾಕೋಣ. ಒಂದಕ್ಕೆ ಹಾಕಿದ್ರೆ ಜೋಡಿ ಹೊಂದಲ್ಲ, ಎರಡಕ್ಕೂ ಹಾಕಿಬಿಡೋಣ’ ಎಂದ. ನಾನು ಅತ್ತೆಯವರಿಗೆ ಹೇಳಿದೆ: ‘ಒಳಗೆ ನಮ್ಮ ಸಾಮಾನು ಹಾಕ್ತೀವಿ. ದನಿ ಬದಲಾಗ್ತದೆ, ಮಾವಾರಿಗೆ ಗೊತ್ತಾಗ್ತದೆ.’ ಅವರು ನನ್ನನ್ನು ಕರುಣೆಯಿಂದ ನೋಡಿ, ‘ನಂಗೆ ಅವ್ರ ಕಿವಿ ಗೊತ್ತಿಲ್ಲೇನ್ರೀ? ನೀವು ಹಾಕ್ರಿ’ ಎಂದರು.

ಆ ಎರಡು ಸ್ಪೀಕರುಗಳಿಗೆ ತಂತಿ ಸುತ್ತಿದಷ್ಟು ಭಕ್ತಿಯಿಂದ ನಾನು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ. ಹಾಡಲು ಬಿಟ್ಟಾಗ ಇಸ್ಮಾಯಿಲ್ ಕೈಯಲ್ಲಿದ್ದ ಉಳಿಯನ್ನು ಹಾಗೆಯೇ ಹಿಡಿದುಕೊಂಡು ಹಾಡು ಮುಗಿಯುವವರೆಗೂ ನಿಂತಿದ್ದ. ಮುಂದೆ ಅದೇ ಬಣ್ಣದ ಬಟ್ಟೆ ಬಿಗಿಸಿಕೊಂಡು ಗಂಟುಗಳು ಮತ್ತೆ ಕೌದಿ ಹೊದ್ದು ಹರಿಹರಕ್ಕೆ ಹೋದವು. ಅಮಾವಾಸ್ಯೆ ಕಳೆದು ಮಾವ ಬಂದರು. ನಾನು ಬೈಗುಳಕ್ಕೆ ಸಿದ್ಧನಾಗಿಯೇ ಮುಂದಿನ ವಾರ ಅವರ ಮನೆಗೆ ಹೋದೆ. ಅವರು ಕ್ಯಾಸೆಟ್ ಹಾಕಿದರು. ಕಣ್ಣು ಮುಚ್ಚಿದರು. ಬಹಳ ಹೊತ್ತಿನ ಮೇಲೆ ತೆರೆದು, ‘ಅಳಿಯಂದ್ರೇ, ಒಂದು ಗಮನಿಸಿದ್ರೇನು? ಫಾರಿನ್ ಮಾಲು ಹಳೇದಾದಂಗೆ ಪಕ್ವ ಆಗ್ತೈತೆ. ಈಗ ನೋಡ್ರಿ, ಮೊದಲಿಗಿಂತ ಗಂಭೀರ ಐತೆ. ನಿಮ್ಮ ಲೋಕಲ್ದು ಹಿಂಗೆ ಆಗ್ತೈತೇನು?’ ಎಂದರು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೋಡಿದರು. ನಾನು ‘ಹೌದು ಮಾವಾರೇ’ ಎಂದೆ.

ಆಮೇಲೆ ನನಗೆ ಶುರುವಾದ ಸಂಕಟ ಯಾರಿಗೂ ಬೇಡ. ಪ್ರತಿ ಭೇಟಿಯಲ್ಲೂ ನನ್ನ ಸ್ಪೀಕರನ್ನೇ ನನಗೆ ಕೇಳಿಸಿ, ಅದರಿಂದ ಪಾಠ ಕಲಿಯಲು ಹೇಳುತ್ತಿದ್ದರು. ಹೊಗಳಿಕೆಗೆ ಕುಣಿಯುವಂತಿಲ್ಲ, ಬೈಗುಳಕ್ಕೆ ಉತ್ತರಿಸುವಂತಿಲ್ಲ. ಮನೆಗೆ ಬಂದು ಗಿರಿಜಾಳ ಮುಂದೆ ಒದರಾಡಿದರೆ ಅವಳು, ‘ಅಮ್ಮನ ಆಣೆ ಐತ್ರಿ, ಸುಮ್ನೆ ನುಂಗ್ರಿ’ ಎನ್ನುತ್ತಿದ್ದಳು. ನಾನು ಕೂಗಿದ್ದರಲ್ಲಿ ಇದೊಂದು ಮಾತ್ರ ಅವಳಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಅಷ್ಟರಲ್ಲಿ ಹರಿಹರದ ವರ್ತಕರೆಲ್ಲ ಸೇರಿ ಒಂದು ಸಭಾಭವನ ಕಟ್ಟಿಸಿದರು. ಅದಕ್ಕೆ ಸ್ಪೀಕರ್ ಬೇಕಾಗಿತ್ತು. ಆ ಕೆಲಸ ಸಿಕ್ಕರೆ ನಮ್ಮ ಶೆಡ್ಡು ಉಳಿಯುತ್ತದೆ, ಸಿಗದಿದ್ದರೆ ಇಸ್ಮಾಯಿಲ್ ಮಂಚಕ್ಕೆ, ನಾನು ಮಾವನ ಅಂಗಡಿಯಲ್ಲಿ ಗಜಕೋಲಿಗೆ. ಕಮಿಟಿಯಲ್ಲಿದ್ದ ಮುನೀರ್ ಸಾಹೇಬರು, ಮಾವನ ಪಕ್ಕದ ಪಾತ್ರೆ ಅಂಗಡಿಯವರು, ‘ನಿಮ್ಮ ಅಳಿಯಂದ್ರೇ ಮಾಡ್ತಾರಲ್ರೀ, ಅವ್ರಿಗೇ ಕೊಡೋಣ’ ಎಂದರಂತೆ. ಮಾವ ಒಪ್ಪಲಿಲ್ಲ. ‘ನೆಂಟಸ್ತನ ಬ್ಯಾರೆ, ಸೌಂಡ್ ಬ್ಯಾರೆ. ಭಾನುವಾರ ಎಲ್ಲಾರೂ ನಮ್ಮನೀಗೆ ಬರ್ರಿ. ಅಳಿಯಂದ್ರೂ ಅವರದೊಂದು ಜೋಡಿ ತರ್ಲಿ. ಎರಡೂ ಕೇಳಿ, ನೀವೇ ತೀರ್ಮಾನ ಮಾಡ್ರಿ’ ಎಂದು ಸಾರಿಬಿಟ್ಟರು.

ಭಾನುವಾರ ನಾನೂ ಇಸ್ಮಾಯಿಲನೂ ಕರಿ ಪೆಟ್ಟಿಗೆಗಳನ್ನು ಹೊತ್ತು ಹೋದೆವು. ನಡುಮನೆಯ ತುಂಬ ಕಮಿಟಿಯವರು. ಮೊದಲು ಮಾವನ ಜೋಡಿ ಹಾಡಿತು. ತಂಬೂರಿಯ ಶ್ರುತಿ, ನಿಧಾನವಾಗಿ ಹಾಡಿದ ವಚನ. ಎಲ್ಲರೂ ತಲೆದೂಗಿದರು. ‘ಆಹಾ, ತಂಬೂರಿ ಎದುರಿಗೆ ಕೂತಂಗೈತಲ್ರೀ!’ ಎಂದರು ಒಬ್ಬರು. ಇಸ್ಮಾಯಿಲ್ ತಂತಿ ಬದಲಿಸಿದ. ನಮ್ಮ ಜೋಡಿ ಅದೇ ವಚನ ಹಾಡಿತು. ಒಳಗಿರುವುದೆಲ್ಲ ಅದೇ: ಅದೇ ತಂತಿ, ಅದೇ ಕೋನು, ಅದೇ ಕೈ. ತಲೆದೂಗುತ್ತಿದ್ದವರು ಈಗ ಕಿವಿ ಕೆರೆದುಕೊಂಡರು. ‘ಪರವಾಗಿಲ್ಲ. ಆದ್ರ ಎಲ್ಲೋ ಒಂಚೂರು ಒರಟು’ ಎಂದರು ಅದೇ ಮಹನೀಯರು. ‘ನಾ ಹೇಳಿಲ್ವಾ?’ ಎಂದು ಮಾವ ಮೀಸೆ ತೀಡಿದರು. ‘ಇದು ಗಂಟಲಿನ ದನಿ, ನಂದು ಎದೆಯಿಂದ ಬರೋ ದನಿ.’

ಮುನೀರ್ ಸಾಹೇಬರು ಮಾತ್ರ ಯಾವ ಪೆಟ್ಟಿಗೆ ಹಾಡುತ್ತಿದೆಯೆಂದು ನೋಡದೆ, ಮೊದಲಿನಿಂದಲೂ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ‘ನಂಗ್ಯಾಕೋ ಎರಡೂ ಒಂದೇ ಕೇಳಿಸ್ತಾವಲ್ರೀ’ ಎಂದರು.

‘ದಿನಾ ಪಾತ್ರೆ ಸಪ್ಪಳ ಕೇಳಿ ಕಿವಿ ಹೋಗ್ಯಾವೆ ನಿಮ್ಮವು’ ಎಂದರು ಮಾವ. ಎಲ್ಲರೂ ನಕ್ಕರು. ಮಾವ ನನ್ನ ಕಡೆ ತಿರುಗಿ, ಈ ಸಲ ನಗದೆ, ‘ಬೇಜಾರ್ ಮಾಡ್ಕೋಬ್ಯಾಡ್ರಿ. ಈ ಡಬ್ಬಿ ಬಡಿಯೋದು ಬಿಟ್ಟು ನಮ್ಮ ಅಂಗಡೀಗೆ ಬಂದ್ಬಿಡ್ರಿ. ಮಗಳೂ ಕಣ್ಣೆದುರಿಗೆ ಇರ್ತಾಳೆ’ ಎಂದರು. ಕೇಡಿನಿಂದ ಹೇಳಿದ ಮಾತಲ್ಲ. ಅದಕ್ಕೇ ಅದು ನೆಟ್ಟಗೆ ಬಂದು ಚುಚ್ಚಿತು. ನಾನು ಇಸ್ಮಾಯಿಲನ ಮುಖ ನೋಡಲಾರದೆ ನೆಲ ನೋಡಿದೆ. ನಾಲಿಗೆಯ ತುದಿಗೆ ಬಂದದ್ದನ್ನು ಅತ್ತೆಯ ಆಣೆ ಹಿಡಿದು ಜಗ್ಗುತ್ತಿತ್ತು.

ಆಗ ಚಹಾದ ತಟ್ಟೆ ಹಿಡಿದು ಅತ್ತೆ ಬಂದರು. ಯಾರಿಗೂ ಚಹಾ ಕೊಡದೆ ತಟ್ಟೆಯನ್ನು ಸೀದಾ ಫಾರಿನ್ ಸ್ಪೀಕರಿನ ನೆತ್ತಿಯ ಮೇಲೆ ಇಟ್ಟುಬಿಟ್ಟರು. ಮಾವ ಹೌಹಾರಿ ಎದ್ದರು.

‘ಕೂಡ್ರಿ’ ಎಂದರು ಅತ್ತೆ. ‘ಆ ಡಬ್ಬಿಯೊಳಗೆ ಫಾರಿನ್ನೂ ಇಲ್ಲ, ಏನೂ ಇಲ್ಲ. ನೀವು ಉಕ್ಕಡಗಾತ್ರಿಗೆ ಹೋದಾಗ ಪೊರಕೆ ಹಿಡಿಕೆ ಚುಚ್ಚಿ ನಾನೇ ಹರಿದುಹಾಕಿದೆ. ಒಳಗೆ ಹಾಡ್ತಿರೋದು ನಮ್ಮ ಅಳಿಯಂದ್ರು ಮಾಡಿದ್ದು. ನನ್ನ ಮಾತಿಗೆ ಕಟ್ಟುಬಿದ್ದು ಇಷ್ಟು ದಿನ ನಿಮ್ಮ ಕೈಲಿ ಅನ್ನಿಸ್ಕೊಂಡಾರೆ. ಇನ್ನು ಸಾಕು.’

‘ಸುಳ್ಳು’ ಎಂದರು ಮಾವ, ದನಿಯಲ್ಲಿ ಬಲವಿಲ್ಲದೆ. ಇಸ್ಮಾಯಿಲನ ಜೇಬಿನಿಂದ ಸ್ಕ್ರೂಡ್ರೈವರ್ ತಾನಾಗಿಯೇ ಹೊರಬಂದಂತೆ ಬಂತು. ಅತ್ತೆ ತಟ್ಟೆ ಎತ್ತಿಕೊಂಡರು. ಅವನು ಸ್ಕ್ರೂ ಬಿಚ್ಚಿ ಹಿಂದಿನ ಹಲಗೆ ತೆಗೆದ. ಒಳಗೆ ಟ್ರೇಲರಿನ ಗಿಣಿಹಸಿರು ಫಳಫಳ ಹೊಳೆಯಿತು. ಹರಿಹರದವರಿಗೆ ಆ ಬಣ್ಣದ ಗುರುತು ಹೇಳಿಕೊಡಬೇಕಾಗಿರಲಿಲ್ಲ.

ಮಾವ ಬಗ್ಗಿ ಒಳಗೆ ಇಣುಕಿ ನೋಡಿದರು. ‘ಡಬ್ಬಿ ಆದ್ರೂ ಫಾರಿನ್ನೇ ಅಲ್ವೇನ್ರೀ?’ ಎಂದರು ಮೆಲ್ಲಗೆ.

‘ಡಬ್ಬಿ ಹಾಡ್ತದೇನ್ರೀ ಚನ್ನವೀರಪ್ನೋರೇ?’ ಎಂದರು ಮುನೀರ್ ಸಾಹೇಬರು.

ಎಲ್ಲರೂ ನಕ್ಕ ಅಬ್ಬರಕ್ಕೆ ಅತ್ತೆಯ ತಟ್ಟೆಯಲ್ಲಿದ್ದ ಕಪ್ಪಿನ ಚಹಾ ತುಳುಕಿತು. ನನಗೆ ಮಾತ್ರ ಮಾವನ ಮುಖ ನೋಡಿ ಅಳುಕಾಯಿತು. ಆದರೆ ನಾಲ್ಕು ದಶಕ ಜವಳಿ ವ್ಯಾಪಾರ ಮಾಡಿದವರನ್ನು ಸೋಲಿಸುವುದು ಸುಲಭವಲ್ಲ. ಸೊಂಟ ನೆಟ್ಟಗೆ ಮಾಡಿ ನಿಂತು, ಧೋತರದ ಚುಂಗು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದರು: ‘ಈ ಸೌಂಡಿಗೆ ಸಮ ಇಲ್ಲ ಅಂತ ನಾನು ಇಷ್ಟು ದಿನ ಬಡ್ಕೊಂಡಿಲ್ವೇನ್ರೀ? ಈಗ್ಲೂ ಅದನ್ನೇ ಹೇಳ್ತೀನಿ. ಭವನದ ಕೆಲಸ ಇವರಿಗೇ ಕೊಡ್ರಿ.’ ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟರು. ಮದುವೆಯಾದ ಮೇಲೆ ಆ ಕೈ ಅಲ್ಲಿಗೆ ಬಂದದ್ದು ಅದೇ ಮೊದಲು.

ಭವನದ ಉದ್ಘಾಟನೆಯ ದಿನ ನಮ್ಮ ದೊಡ್ಡ ಪೆಟ್ಟಿಗೆಗಳು ವೇದಿಕೆಯ ಎಡಬಲ ದ್ವಾರಪಾಲಕರಂತೆ ನಿಂತಿದ್ದವು. ಮಾವ ಮೈಕು ಹಿಡಿದವರು ಬಿಡಲೇ ಇಲ್ಲ. ಕೊನೆಯ ಸಾಲಿನಲ್ಲಿ ಕೂತಿದ್ದ ನನಗೂ ಇಸ್ಮಾಯಿಲನಿಗೂ ಅವರು ನಡುವೆ ಕೆಮ್ಮಿದ್ದು, ಕನ್ನಡಕ ಮಡಿಚಿದ್ದು ಕೂಡ ಕೇಳಿಸಿತು. ‘ಮಂಚ ಕ್ಯಾನ್ಸಲ್’ ಎಂದ ಇಸ್ಮಾಯಿಲ್. ಊಟದ ಹೊತ್ತಿಗೆ ಹೊನ್ನಾಳಿ ಕಡೆಯವರೊಬ್ಬರು, ರಾಣೆಬೆನ್ನೂರಿನ ಕಡೆಯವರೊಬ್ಬರು ಬಂದು, ‘ಇವು ಯಾವ ಕಂಪನೀವು?’ ಎಂದು ಕೇಳಿದರು. ‘ದಾವಣಗೆರೇವು!’ ಎಂದು ನನಗಿಂತ ಮೊದಲು ಮಾವನೇ ಉತ್ತರಿಸಿದರು. ಆ ವರ್ಷ ನಮ್ಮ ಶೆಡ್ಡಿಗೆ ಇನ್ನೊಂದು ಶೆಡ್ಡು ಸೇರಿಕೊಂಡಿತು. ‘ಲೋಕಲ್ಲಾ?’ ಎಂದು ಮುಖ ಮುರಿದವರಿಗೆಲ್ಲ ನಾನು ಸ್ವದೇಶಿ ಕುಶಲತೆಯ ಬಗ್ಗೆ ಉದ್ದುದ್ದ ಭಾಷಣ ಮಾಡತೊಡಗಿದೆ. ನಮ್ಮ ಊರಿನ ಕೈಯನ್ನು ನಾವೇ ನಂಬದಿದ್ದರೆ ಇನ್ಯಾರು ನಂಬಬೇಕು ಎಂಬಲ್ಲಿ ನನ್ನ ಗಂಟಲು ಪ್ರತಿ ಸಲವೂ ತಪ್ಪದೆ ಗದ್ಗದವಾಗುತ್ತಿತ್ತು.

ಹೀಗೆ ವಿಜಯಿಯಾಗಿ ತಿರುಗುತ್ತಿದ್ದಾಗ ಒಂದು ಸಂಜೆ ಮನೆಗೆ ಬಂದೆ. ಗಿರಿಜಾ ದೋಸೆ ಹಿಟ್ಟು ರುಬ್ಬಲು ಹೊಸ ಗ್ರೈಂಡರ್ ತಂದು ಕಟ್ಟೆಯ ಮೇಲೆ ಇಟ್ಟಿದ್ದಳು. ದುಂಡಗೆ, ಗಟ್ಟಿಮುಟ್ಟಾಗಿತ್ತು. ಸುತ್ತ ತಿರುಗಿ ನೋಡಿದೆ, ಎಲ್ಲೂ ಹೆಸರು ಕಾಣಲಿಲ್ಲ.

‘ಯಾವ ಕಂಪನೀದು?’ ಎಂದೆ.

‘ಹರಿಹರದ ಶೆಡ್ಡಿನಾಗೆ ಮಾಡಿದ್ದು.’

‘ಲೋಕಲ್ಲಾ? ಯಾಕ, ಕಂಪನೀದು ಸಿಗಲಿಲ್ವಾ?’

ಗಿರಿಜಾ ನನ್ನನ್ನೇ ನೋಡಿದಳು. ನೆನೆಸಿದ ಅಕ್ಕಿ ಸುರಿದು ಸ್ವಿಚ್ ಒತ್ತಿದಳು. ಅದು ಬೆಣ್ಣೆಯ ಹಾಗೆ ರುಬ್ಬತೊಡಗಿತು, ಸುಳ್ಳಿಗಾದರೂ ಒಂದು ಸಪ್ಪಳ ಮಾಡಲಿಲ್ಲ.