ಕಾಕಾ ಬಿಚ್ಚದ ಲ್ಯಾಪ್‌ಟಾಪ್

ನಮ್ಮ ಕಾಕಾ ಈ ಜಗತ್ತಿನಲ್ಲಿ ಬಿಚ್ಚದೆ ಬಿಟ್ಟಿರುವ ಯಂತ್ರ ಒಂದೇ ಒಂದು. ಅದು ನನ್ನ ಲ್ಯಾಪ್‌ಟಾಪ್! ಇದನ್ನು ಹೊಗಳಿಕೆ ಎಂದುಕೊಂಡು ಓದಲು ಕುಳಿತವರು ಈಗಲೇ ಏಳಬಹುದು. ನಾನು ಇದನ್ನು ಹಲ್ಲು ಕಚ್ಚಿಕೊಂಡು ಬರೆಯುತ್ತಿದ್ದೇನೆ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಇಬ್ರಾಹಿಂಪುರದಲ್ಲಿ ರೈಲು ಹಳಿಗೆ ಹತ್ತಿರ ಅವನದೊಂದು ರಿಪೇರಿ ಅಂಗಡಿ ಇದೆ. ರೇಡಿಯೊ, ಟೀವಿ, ಮಿಕ್ಸರ್, ನೀರೆತ್ತುವ ಮೋಟಾರು, ಕೊನೆಗೆ ಕಂಪ್ಯೂಟರು, ಯಾವುದು ಬಂದರೂ ಅವನಿಗೆ ಒಂದೇ. ಕೆಟ್ಟದ್ದನ್ನು ಬಿಚ್ಚುವುದು ಸರಿ, ಚೆನ್ನಾಗಿರುವುದನ್ನು ಯಾಕೆ ಬಿಚ್ಚಬೇಕು? ಇವನು ಅದನ್ನೂ ಬಿಚ್ಚುತ್ತಿದ್ದ. ಒಮ್ಮೆ ಸಾರವಾಡದಲ್ಲಿ ನಮ್ಮ ಸಂಬಂಧಿಕರೊಬ್ಬರು ತೀರಿಕೊಂಡಾಗ ಮಾತನಾಡಿಸಲು ಹೋದವನು, ಗೋಡೆಯ ಗಡಿಯಾರ ನಿಂತಿದೆ ಎಂದು ಕೆಳಗಿಳಿಸಿ, ಅಳುವವರ ನಡುವೆ ಪಂಚೆಯ ಮೇಲೆ ಅದರ ಕರುಳನ್ನೆಲ್ಲ ಹರವಿಕೊಂಡು ಕುಳಿತ. ಗಡಿಯಾರ ನಡೆಯತೊಡಗಿದಾಗ ತೀರಿಕೊಂಡವರ ಹೆಂಡತಿ ಅಳು ನಿಲ್ಲಿಸಿ, ಹೊತ್ತೂ ಸರಿ ಮಾಡಿ ಹೋಗಪ್ಪಾ ಎಂದಳಂತೆ. ಅದನ್ನು ಅವನು ಇವತ್ತಿಗೂ ತನಗೆ ಸಿಕ್ಕ ಸನ್ಮಾನದಂತೆ ಹೇಳಿಕೊಳ್ಳುತ್ತಾನೆ.

ಇಂಥವನು ನನ್ನ ಲ್ಯಾಪ್‌ಟಾಪಿನ ಹತ್ತು ಸ್ಕ್ರೂ ಬಿಚ್ಚಲು ಒಲ್ಲೆ ಎಂದ! ನೀವೇ ಹೇಳಿ, ಸಿಟ್ಟು ಬರುತ್ತದೋ ಇಲ್ಲವೋ?

ಆ ಲ್ಯಾಪ್‌ಟಾಪಿನಲ್ಲಿ ಏನಿತ್ತು ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ನಾನು ವಿಜಯಪುರದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವವಳು, ಮನೆ ಜಲನಗರದಲ್ಲಿ. ನಮ್ಮ ಹಿರಿಯರು ಕುರಿ ಕಾಯ್ದವರು. ಅಪ್ಪ ಕುರಿ ಬಿಟ್ಟು ಕಾರಕೂನನಾದ, ಕಾಕಾ ಕುರಿ ಬಿಟ್ಟು ರೇಡಿಯೊ ಹಿಡಿದ, ನಾನು ಇಬ್ಬರೂ ಬಿಟ್ಟ ಕುರಿಗಳ ಬೆನ್ನು ಹತ್ತಿ ಪಿಎಚ್‌ಡಿ ಮಾಡಲು ಹೊರಟೆ. ಕುರಿಯ ಬಣ್ಣಕ್ಕೆ, ಕಿವಿಗೆ, ನಡಿಗೆಗೆ ನಮ್ಮ ಕಡೆಯ ಕುರಿಗಾರರು ಇಟ್ಟ ಹೆಸರುಗಳನ್ನೆಲ್ಲ ಕೂಡಿಸುವ ಕೆಲಸ. ಟಿಕೋಟ, ಬಬಲೇಶ್ವರದ ಸುತ್ತಿನ ಹಟ್ಟಿಗಳಲ್ಲಿ ಎಂಟು ವರ್ಷ ಅಲೆದಿದ್ದೇನೆ. ಬಿಸಿಲಿಗೆ ಮುಖ ಕರ್ರಗಾಗಿ ನಮ್ಮವ್ವ ನನ್ನನ್ನೇ ಗುರುತು ಹಿಡಿಯದ ದಿನಗಳಿದ್ದವು.

ಎಂಟನೇ ವರ್ಷಕ್ಕೆ ಸರಿಯಾಗಿ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕು ಒಳಗಿಂದ ಕಟಕಟ ಹಲ್ಲು ಕಡಿಯತೊಡಗಿತು. ಬಟನ್ ಒತ್ತಿ, ಚಹಾ ಮಾಡಿ, ಕುಡಿದು, ಲೋಟ ತೊಳೆದಿಟ್ಟು ಬಂದರೂ ಪರದೆಯ ಮೇಲೆ ಅದೇ ಚಕ್ರ ತಿರುಗುತ್ತಿರುತ್ತಿತ್ತು. ಹಳೆ ಡಿಸ್ಕು ತೆಗೆದು ಎಸ್‌ಎಸ್‌ಡಿ ಎನ್ನುವ ವೇಗದ ಹೊಸ ಡಿಸ್ಕು ಹಾಕಿಸಿ, ಐದು ನಿಮಿಷದ ಕೆಲಸ ಎಂದು ಕಾಲೇಜಿನಲ್ಲಿ ಎಲ್ಲರೂ ಹೇಳಿದರು. ಮನೆಯಲ್ಲೇ ಮೆಕ್ಯಾನಿಕ್ ಇರುವಾಗ ಬೇರೆಯವರ ಹತ್ತಿರ ಹೋದರೆ ಕಾಕಾ ಜೀವಮಾನವಿಡೀ ಮಾತು ಬಿಡುತ್ತಾನೆ. ಹೋದೆ. ಅವನು ಲ್ಯಾಪ್‌ಟಾಪನ್ನು ತಿರುಗಿಸಿ ಮುರುಗಿಸಿ ನೋಡಿ, ಜೀವ ಇರುವ ಯಂತ್ರದ ಹೊಟ್ಟೆ ಕೊಯ್ಯಬಾರದು ಎಂದು ಅಪ್ಪಣೆ ಕೊಡಿಸಿದ. ಹೆಣದ ಮನೆಯ ಗಡಿಯಾರ ಬಿಚ್ಚಿದವನ ಬಾಯಲ್ಲಿ ಈ ಮಾತು!

ಹೊಟ್ಟೆ ಕೊಯ್ಯುವ ಬದಲು ಅವನು ಕಂಡುಕೊಂಡ ದಾರಿ ಕೇಳಿ. ಹಳೆಯ ಲ್ಯಾಪ್‌ಟಾಪುಗಳ ಪಕ್ಕೆಯಲ್ಲಿ ಒಂದು ಉದ್ದನೆಯ ಕಿಂಡಿ ಇರುತ್ತದೆ. ಏನಾದರೂ ಹೆಚ್ಚಿನ ಸೌಕರ್ಯ ಬೇಕಾದರೆ ಕಾರ್ಡು ತೂರಿಸಲೆಂದು ಕೊಟ್ಟದ್ದು. ಧೂಳು ಹೋಗದಿರಲಿ ಎಂದು ಅದರಲ್ಲೊಂದು ಖಾಲಿ ಪ್ಲಾಸ್ಟಿಕ್ ತುಂಡು ಇಟ್ಟಿರುತ್ತಾರೆ. ನಾನು ಅದನ್ನು ಇಷ್ಟು ವರ್ಷ ಪುಸ್ತಕದಲ್ಲಿ ಗುರುತಿಗೆ ಇಡುತ್ತಿದ್ದೆ. ಕಾಕಾ ಸೊಲ್ಲಾಪುರದ ಹಳೆ ಸಾಮಾನಿನ ಬಜಾರಿನಿಂದ ಆ ಕಿಂಡಿಗೇ ಕೂರುವ ಎಸ್‌ಎಸ್‌ಡಿ ಕಾರ್ಡೊಂದನ್ನು ಹುಡುಕಿ ತಂದ. ನೋಡಲು ಬಿಸ್ಕತ್ತಿನಷ್ಟು. ಅದರಲ್ಲೇ ವಿಂಡೋಸ್, ಅದರಲ್ಲೇ ನನ್ನ ಪ್ರಬಂಧ, ಇನ್ನು ಮುಂದೆ ಲ್ಯಾಪ್‌ಟಾಪು ಅದರಿಂದಲೇ ಏಳಬೇಕು ಎಂದ. ಲ್ಯಾಪ್‌ಟಾಪು ಏಳಲಿಲ್ಲ! ಪಕ್ಕೆಯ ಕಾರ್ಡಿನಿಂದ ಏಳುವುದು ಅದಕ್ಕೆ ಗೊತ್ತೇ ಇಲ್ಲವಂತೆ. ಅದಕ್ಕೆ ಬಲಗಡೆ ಒಂದು ಪೆನ್‌ಡ್ರೈವ್ ಚುಚ್ಚಿದ. ಪೆನ್‌ಡ್ರೈವ್ ಯಂತ್ರವನ್ನು ಎಬ್ಬಿಸಬೇಕು, ಎಬ್ಬಿಸಿ ಎಡಗಡೆಯ ಕಾರ್ಡಿನ ಕೈಗೆ ಒಪ್ಪಿಸಬೇಕು. ಆ ಪೆನ್‌ಡ್ರೈವಿನಲ್ಲಿ ನಾನು ಬೇರೇನನ್ನೂ ತುಂಬಕೂಡದು ಎಂದು ಮೇಲೊಂದು ಕಟ್ಟಪ್ಪಣೆ. ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡ ಮುದುಕನ ಹಾಗೆ ಕಾಣುವ ಆ ಲ್ಯಾಪ್‌ಟಾಪನ್ನು ನಾನು ಸ್ಟಾಫ್ ರೂಮಿನಲ್ಲಿ ತೆರೆಯುವುದನ್ನೇ ಬಿಟ್ಟೆ.

ಸಿಟ್ಟಿನಲ್ಲೂ ನಿಜ ಹೇಳಬೇಕಲ್ಲ. ಅದು ಓಡಿತು. ಚಹಾ ಹಾಳಾಗಲಿ, ಕನ್ನಡಕ ಹಾಕಿಕೊಳ್ಳುವುದರೊಳಗೆ ಎದ್ದು ಕೂರುತ್ತಿತ್ತು. ಕಾಕಾನಿಗೆ ಈ ವಿಷಯ ನಾನು ಹೇಳಲಿಲ್ಲ, ಹೇಳಿದರೆ ಅವನನ್ನು ಹಿಡಿಯುವವರು ಯಾರು?

ಆದರೆ ಆ ಕಾರ್ಡಿಗೊಂದು ಕೆಟ್ಟ ಚಾಳಿಯಿತ್ತು. ಒಳಗೆ ಒತ್ತಿದರೆ ಹೊರಗೆ ಚಿಮ್ಮುವ ಸ್ಪ್ರಿಂಗು ಅದರ ಕಿಂಡಿಯಲ್ಲಿ. ಮೊಣಕೈ ತಾಗಿದರೂ ಸಾಕು, ಟಕ್ಕೆಂದು ಹೊರಗೆ ಬರುತ್ತಿತ್ತು, ಪರದೆ ಕಲ್ಲಾಗುತ್ತಿತ್ತು. ಬಬಲೇಶ್ವರದ ಆಚೆ ಒಂದು ಹಟ್ಟಿಯಲ್ಲಿ ಹಿರಿಯ ಕುರಿಗಾರರೊಬ್ಬರು ಒಂದು ತಾಸು ಕುಳಿತು ಹೆಸರು ಹೇಳಿದ್ದನ್ನು ಟೈಪ್ ಮಾಡಿಕೊಂಡಿದ್ದೆ. ಮುಗಿದ ಮೇಲೆ ಅವರು, ಇದೇನವ್ವಾ ಎಂದು ಕಾರ್ಡನ್ನು ಬೆರಳಿನಿಂದ ಒತ್ತಿದರು. ಬಂತು ಹೊರಗೆ! ಇನ್ನೂ ಸೇವ್ ಮಾಡಿರಲಿಲ್ಲ, ಒಂದು ತಾಸಿನ ಹೆಸರುಗಳೆಲ್ಲ ಹೋದವು. ಅವರು ಲ್ಯಾಪ್‌ಟಾಪನ್ನು ಬಗ್ಗಿ ನೋಡಿ, ಬಹಳ ಕನಿಕರದಿಂದ ಹೇಳಿದರು: "ನಾಲಗಿ ಹೊರಗ ಹಾಕೇತಿ ನೋಡವ್ವ. ಬಿಸಲಾಗ ತಿರಗಿಸೀದಿ, ನೀರ ಕುಡಸು."

ಆವತ್ತು ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಕಾಕಾನನ್ನು ಮನಸ್ಸಿನಲ್ಲೇ ಬೈದೆ. ಅವನು ಇತ್ತೀಚಿನ ವರ್ಷಗಳಲ್ಲಿ ಪೂರ್ತಿ ಕೆಟ್ಟಿದ್ದ ಎನ್ನುವುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ಪೆಟ್ರೋಲ್ ವಾಸನೆ ಆಗುವುದಿಲ್ಲ ಎಂದು ಇಪ್ಪತ್ತು ವರ್ಷದ ಸ್ಕೂಟರ್ ಬಿಟ್ಟಿದ್ದ. ಚಹಾ ಬಂದರೆ ಲೋಟ ಎತ್ತುವುದಿಲ್ಲ, ಅದನ್ನು ಟೇಬಲ್ಲಿನ ಮೇಲೇ ಬಿಟ್ಟು, ನೀರಿನ ಬಾನಿಗೆ ಬಾಯಿ ಹಾಕುವ ಕುರಿಯ ಹಾಗೆ ತಲೆ ಬಗ್ಗಿಸಿ ಹೀರುತ್ತಾನೆ. ಯಾಕೆ ಎಂದರೆ ಲೋಟ ಸುಡುತ್ತದೆ ಎನ್ನುತ್ತಾನೆ. ಕೀಬೋರ್ಡಿನ ಒಂದು ಅಕ್ಷರ ಒತ್ತಬೇಕಾದರೂ ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡು, ದೇವರಿಗೆ ಅಕ್ಷತೆ ಹಾಕುವ ಗತ್ತಿನಲ್ಲಿ ಒತ್ತುತ್ತಾನೆ! ಅಂಗಡಿಗೆ ಬಂದ ಗಿರಾಕಿಗಳ ಗತಿ ಇನ್ನೂ ಚೆಂದ. ಸ್ಕ್ರೂಡ್ರೈವರನ್ನು ಅವರ ಕೈಗೇ ಕೊಟ್ಟು, ಇದನ್ನು ಬಿಚ್ಚು, ಅದನ್ನು ಎತ್ತು ಎಂದು ಕುರ್ಚಿಯಲ್ಲಿ ಕುಳಿತು ಅಪ್ಪಣೆ ಕೊಡಿಸುತ್ತಾನೆ. ಕಲಿಯಲಿ, ನಾನೇನು ಶಾಶ್ವತವೇ ಎಂಬ ಉಪದೇಶ ಬೇರೆ. ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ತನ್ನ ಮಿಕ್ಸರನ್ನು ತಾನೇ ರಿಪೇರಿ ಮಾಡಿ, ಸೆರಗಿಗೆ ಗ್ರೀಸು ಒರೆಸಿಕೊಂಡು ಬಂದು ನನ್ನ ಜೊತೆ ಜಗಳ ತೆಗೆದಳು.

ಇರಲಿ, ಅಮಾವಾಸ್ಯೆಗೆ ಬರೋಣ. ನನ್ನ ಸಿಟ್ಟಿನ ನಿಜವಾದ ಕಥೆ ಇರುವುದು ಅಲ್ಲೇ.

ಪ್ರಬಂಧ ಒಪ್ಪಿಸಲು ಐದು ದಿನ ಉಳಿದಿತ್ತು. ಒಪ್ಪಿಸುವ ಅವಧಿಯನ್ನು ವಿಶ್ವವಿದ್ಯಾಲಯ ಆಗಲೇ ಎರಡು ಸಲ ಮುಂದೂಡಿಕೊಟ್ಟಿತ್ತು. ಇನ್ನೊಂದು ಸಲ ಇಲ್ಲ, ತಪ್ಪಿದರೆ ಹೆಸರು ರದ್ದು ಎಂದು ಗೈಡ್ ಮೇಡಂ ಸ್ಪಷ್ಟವಾಗಿ ಹೇಳಿದ್ದರು. ಮೇಲ್‌ನಲ್ಲಿ ನಾನು ಹಾಕಿಟ್ಟುಕೊಂಡಿದ್ದ ಪ್ರತಿ ನಾಲ್ಕು ತಿಂಗಳು ಹಳೆಯದು. ಕೊನೆಯ ಎರಡು ಅಧ್ಯಾಯ ಇದ್ದದ್ದು ಆ ಬಿಸ್ಕತ್ತಿನಲ್ಲಿ ಮಾತ್ರ. ಹೌದು, ತಪ್ಪು ನನ್ನದೇ, ಈಗ ನೀವೂ ಬೈಯಬೇಡಿ.

ಅಮಾವಾಸ್ಯೆಗೊಮ್ಮೆ ನಮ್ಮವ್ವ ಮನೆಯಲ್ಲಿ ದುಡಿಯುವ ಯಂತ್ರಗಳಿಗೆಲ್ಲ ಪೂಜೆ ಮಾಡುತ್ತಾಳೆ. ಸ್ಕೂಟಿ, ಹೊಲಿಗೆ ಮಷೀನು, ಮಿಕ್ಸರು, ಎಲ್ಲಕ್ಕೂ ಭಂಡಾರದ ಅರಿಶಿನ, ಕುಂಕುಮ. ಕಾಕಾನ ಕಟ್ಟಳೆಯ ಪ್ರಕಾರ ನಾನು ಕಾರ್ಡನ್ನು ರಾತ್ರಿ ಹೊರತೆಗೆದು ಕನ್ನಡಕದ ಡಬ್ಬಿಯಲ್ಲಿ ಇಡುತ್ತಿದ್ದೆ. ಅಮಾವಾಸ್ಯೆಯ ಮುಂಜಾನೆ ಡಬ್ಬಿ ತೆಗೆದರೆ ಕಾರ್ಡು ಹಳದಿಯಾಗಿತ್ತು! ಅವ್ವ ಉದುರಬಾರದೆಂದು ಭಂಡಾರವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಟಗರಿನ ಹಣೆಗೆ ಬಳಿಯುವ ಹಾಗೆ ಬಳಿದಿದ್ದಳು. ಎಲ್ಲಿಗೆ ಗೊತ್ತೇ? ಕಾರ್ಡಿನ ತುದಿಯಲ್ಲಿ ಬಂಗಾರದ ಬಣ್ಣದ ಸಣ್ಣ ಸಣ್ಣ ಹಲ್ಲುಗಳಿರುತ್ತವಲ್ಲ, ಲ್ಯಾಪ್‌ಟಾಪಿನ ಜೊತೆ ಮಾತನಾಡುವ ಹಲ್ಲುಗಳು, ಅವುಗಳ ಸಂದಿಗೇ!

"ನಿನ್ನ ಎಂಟ ವರ್ಷದ ದುಡಿಮಿ ಅದರಾಗ ಐತಿ ಅಂದಿದ್ದಿಯಲ್ಲ," ಎಂದಳು ಅವ್ವ. "ಅದಕ್ಕ ಎಲ್ಲಾದಕ್ಕಿಂತ ಮದಲ ಅದಕ್ಕ ಹಚ್ಚೀನಿ. ಬಂಗಾರದಂಗ ಹೊಳಿಯೂ ಕಡೆ ಅದರ ಮಾರಿ ಇರತೈತಿ ಅಂತ ತಿಳದೆ."

ಸೆರಗಿನಿಂದ ಒರೆಸಿ ಕಿಂಡಿಗೆ ತೂರಿಸಿದೆ. ಪೆನ್‌ಡ್ರೈವ್ ಎಬ್ಬಿಸಿತು, ಕಾರ್ಡು ಮಾತನಾಡಲಿಲ್ಲ. ಏಳು ಸಲ ತೆಗೆದು ಹಾಕಿದೆ. ಕಪ್ಪು ಪರದೆಯಲ್ಲಿ ಬಿಳಿಯ ಒಂದು ಸಾಲು ಬಿಟ್ಟರೆ ಏನೂ ಬರಲಿಲ್ಲ. ಅವ್ವನನ್ನು ಬೈಯಲು ಬಾಯಿ ಬರಲಿಲ್ಲ, ಅವಳು ದೇವರ ಮುಂದೆ ಕುಳಿತು ಅಳತೊಡಗಿದ್ದಳು. ಹಾಗಾದರೆ ಬೈಯುವುದು ಯಾರನ್ನು? ಮೂಲ ಪುರುಷ ಇದ್ದಾನಲ್ಲ ಇಬ್ರಾಹಿಂಪುರದಲ್ಲಿ! ಆಟೋ ಹಿಡಿದೆ.

ಅಂಗಡಿಯಲ್ಲಿ ಕಾಕಾ ಒಬ್ಬನೇ ಕುಳಿತಿದ್ದ. ನಾನು ಲ್ಯಾಪ್‌ಟಾಪನ್ನು ಅವನ ಮುಂದೆ ಕುಕ್ಕಿ, ಗಡಿಯಾರದಿಂದ ಶುರು ಮಾಡಿ ಮಿಕ್ಸರಿನವರೆಗೆ ಒಂದನ್ನೂ ಬಿಡದೆ ಬೈದೆ. ಹತ್ತು ಸ್ಕ್ರೂ ಬಿಚ್ಚಲು ಸೋಮಾರಿತನ ಮಾಡಿ ನನ್ನ ಎಂಟು ವರ್ಷವನ್ನು ಯಂತ್ರದ ಹೊರಗೆ ಜೋತುಬಿಟ್ಟೆ ಎಂದೆ. ಅವನು ಕಾರ್ಡಿನ ತುದಿ ನೋಡಿ, ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷನ್ನೂ ಸ್ಪಿರಿಟ್ ಬಾಟಲಿಯನ್ನೂ ನನ್ನ ಕಡೆ ಸರಿಸಿದ.

"ಭಂಡಾರ ಅಷ್ಟ ಐತಿ. ನೀನ ತಿಕ್ಕು ಬೇ, ಹೋಗತೈತಿ."

ನೀನೇ ತಿಕ್ಕು! ನನ್ನನ್ನೂ ಗಿರಾಕಿ ಮಾಡಿದ! ಅಲ್ಲಿಗೆ ನನ್ನ ತಲೆ ಕೆಟ್ಟಿತು. ಗೋಡೆಗೆ ತೂಗುಹಾಕಿದ್ದ ಸ್ಕ್ರೂಡ್ರೈವರ್ ಕಿತ್ತು ಅವನ ಕೈಯೊಳಗೆ ತುರುಕಿ, ಲ್ಯಾಪ್‌ಟಾಪನ್ನು ಬೋರಲು ಹಾಕಿದೆ.

"ಬಿಚ್ಚು," ಎಂದೆ. "ನನ್ನ ಕಣ್ಣ ಮುಂದ ಬಿಚ್ಚು. ಒಳಗ ಡಿಸ್ಕ್ ಹಾಕು. ಇವತ್ತ ನಾ ಬಿಡಂಗಿಲ್ಲ."

ಅವನು ನನ್ನ ಮುಖವನ್ನೊಮ್ಮೆ ನೋಡಿದ. ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡು ಸ್ಕ್ರೂಡ್ರೈವರನ್ನು ಮೊದಲ ಸ್ಕ್ರೂವಿನ ಹತ್ತಿರ ತಂದ. ಟಕ್ ಟಕ್ ಟಕ್ ಎಂದು ಪ್ಲಾಸ್ಟಿಕ್ಕಿಗೆ ಬಡಿಯಿತು. ಸ್ಕ್ರೂವಿನ ಸುತ್ತ ಬಡಿಯಿತು, ಸ್ಕ್ರೂವಿನ ಮೇಲೆ ಒಮ್ಮೆಯೂ ಕೂರಲಿಲ್ಲ. ಅವನು ತುಟಿ ಬಿಗಿಹಿಡಿದು ಮತ್ತೆ ತಂದ. ಮತ್ತೆ ಅದೇ ಸದ್ದು. ಹಿಡಿದ ಎಡಗೈಯೂ ನಡುಗುತ್ತಿತ್ತು. ನಾನು ಸ್ಕ್ರೂಡ್ರೈವರನ್ನು ಮೆಲ್ಲಗೆ ತೆಗೆದುಕೊಂಡೆ.

"ಮೂರ ವರ್ಷಾತು," ಎಂದ ಕಾಕಾ. "ಡಾಕ್ಟರ್ ಗುಳಿಗಿ ಕೊಟ್ಟಾರ, ಇದು ಹಿಂಗ ಇರೂದು ಅಂದಾರ. ಗಿರಾಕಿ ಕಡೆ ಬಿಚ್ಚಸತೀನಿ, ಹೆಂಗೋ ನಡೀತೈತಿ. ನಿನ್ನ ಕಡೆ ಬಿಚ್ಚಸಿದ್ರ ನೀ ಯಾಕ ಅಂತ ಕೇಳತಿದ್ದಿ."

ನಾನು ಸ್ಕ್ರೂಡ್ರೈವರನ್ನು ಮತ್ತೆ ಗೋಡೆಗೆ ತೂಗುಹಾಕಿದೆ.

"ಒಳಗ ಕೂದಲದಂಥಾ ವಾಯರ್ ಇರತಾವ. ನಿನ್ನ ಎಂಟ ವರ್ಷ ಈ ಕೈಯಾಗ ಹರದ ಹೋದ್ರ ಏನ ಮಾಡಲಿ? ಈ ಕಾರ್ಡಿಗೆ ಸ್ಕ್ರೂ ಇಲ್ಲ. ದೂಡಿದ್ರ ಕುಂಡ್ರತೈತಿ. ಇಷ್ಟ ನನ್ನ ಕೈಲೆ ಆಗತಿತ್ತು."

ಜಗತ್ತಿನ ಸ್ಕ್ರೂಗಳನ್ನೆಲ್ಲ ಬಿಚ್ಚಿದವನು, ಒಂದೂ ಸ್ಕ್ರೂ ಇಲ್ಲದ ದಾರಿಯನ್ನು ನನಗಾಗಿ ಸೊಲ್ಲಾಪುರದ ತನಕ ಹುಡುಕಿಕೊಂಡು ಹೋಗಿದ್ದ. ನಾನು ಸೋಮಾರಿ ಎಂದಿದ್ದೆ. ಮೂರು ವರ್ಷ ಅವನ ಚಹಾದ ಲೋಟಕ್ಕೆ, ಸ್ಕೂಟರಿಗೆ, ಬೆರಳಿಗೆ ನಕ್ಕಿದ್ದೆ. ಎಂಟು ವರ್ಷ ಕುರಿಗಳ ನಡಿಗೆ ನೋಡಿ ನೋಡಿ ಬರೆದುಕೊಂಡವಳಿಗೆ ಮನೆಯ ಮನುಷ್ಯನ ಕೈ ಕಾಣಲಿಲ್ಲ. ಅಲ್ಲಿಯವರೆಗೆ ಅವನ ಮೇಲಿದ್ದ ಸಿಟ್ಟೆಲ್ಲ ನನ್ನ ಮೇಲೇ ತಿರುಗಿತು, ಇನ್ನೂ ಇಳಿದಿಲ್ಲ. ಮೊದಲೇ ಹೇಳಿದೆನಲ್ಲ, ಹಲ್ಲು ಕಚ್ಚಿಕೊಂಡು ಬರೆಯುತ್ತಿದ್ದೇನೆ ಎಂದು.

ಬ್ರಷ್ಷು ತೆಗೆದುಕೊಂಡು ತಿಕ್ಕಿದೆ. ಅವನು ಹೇಳಿದ ಹಾಗೆ ಒಂದೊಂದೇ ಹಲ್ಲು, ಅವಸರವಿಲ್ಲದೆ. ಹಳದಿ ಹೋಗುವವರೆಗೆ ಮೂರು ಸಲ ಸ್ಪಿರಿಟ್ ಹಾಕಿ, ಒಣಗಲು ಬಿಟ್ಟೆವು. ಆಮೇಲೆ ಕಾರ್ಡನ್ನು ಅವನ ಕೈಗೇ ಕೊಟ್ಟೆ. ಅವನು ಕಿಂಡಿಯ ಬಾಯಿಗೆ ಅದನ್ನು ತಾಗಿಸಿ, ಹೆಬ್ಬೆರಳಿನಿಂದ ದೂಡಿದ. ಕೂತಿತು. ಪೆನ್‌ಡ್ರೈವ್ ಎಬ್ಬಿಸಿತು, ಕಾರ್ಡು ಮಾತನಾಡಿತು, ನನ್ನ ಕುರಿಗಳೆಲ್ಲ ಪರದೆಯ ಮೇಲೆ ಬಂದು ನಿಂತವು. ಕಾಕಾ ಎಣಿಸುವವನ ಹಾಗೆ ಸ್ವಲ್ಪ ಹೊತ್ತು ನೋಡಿದ.

ಎದುರಿನ ಹೋಟೆಲಿನಿಂದ ಎರಡು ಚಹಾ ಬಂತು. ಅವನು ತನ್ನ ಲೋಟವನ್ನು ಟೇಬಲ್ಲಿನ ಮೇಲೇ ಬಿಟ್ಟು, ನನ್ನ ಕಡೆ ಕಳ್ಳನ ಹಾಗೆ ನೋಡಿ, ಸಿಟ್ಟು ಇಳೀತೇನು ಎಂದು ಕೇಳಿದ. ಇಲ್ಲ ಎಂದೆ. ನನ್ನ ಲೋಟವನ್ನೂ ಅವನ ಲೋಟದ ಪಕ್ಕಕ್ಕೆ ಇಟ್ಟೆ. ಅವನು ತಲೆ ಬಗ್ಗಿಸಿದ. ನಾನೂ ಬಗ್ಗಿಸಿ ಕುಡಿದೆ.