ದೊಡ್ಡಕ್ಕನ ಪದ, ಮೇಷ್ಟ್ರ ಪೆಟ್ಟಿಗೆ

ಹುಲಿಕುಂಟೆಯ ಮುತ್ತುರಾಜು ಮೇಷ್ಟ್ರು ಬೆಳಿಗ್ಗೆ ದೇವರಿಗೆ ಕೈಮುಗಿದು ಸರ್ವರಿನ ಗುಂಡಿ ಒತ್ತಿದರು. ಫ್ಯಾನು ತಿರುಗಿತು, ದೀಪ ಮಿನುಗಿತು. ಪರದೆಯ ಮೇಲೆ ಮಾತ್ರ 'ಬೂಟ್ ಡ್ರೈವ್ ಸಿಗಲಿಲ್ಲ' ಎಂಬ ಒಂದೇ ಸಾಲು.

ಹಳೇ ಕಂಪ್ಯೂಟರನ್ನೇ ಅವರು ಮನೆಯ ಸರ್ವರ್ ಮಾಡಿಕೊಂಡಿದ್ದರು. ಅದರ ಹೊಟ್ಟೆಯೊಳಗೆ ಪಕ್ಕದ ಮನೆ ದೊಡ್ಡಕ್ಕನ ಅರವತ್ತೆರಡು ಸೋಬಾನೆ ಪದಗಳಿದ್ದವು. ಎರಡು ವರ್ಷದ ಭಾನುವಾರಗಳೆಲ್ಲ ಅವಳೆದುರು ಕೂತು ಮೇಷ್ಟ್ರೇ ರೆಕಾರ್ಡ್ ಮಾಡಿಕೊಂಡಿದ್ದರು. ಕೆಮ್ಮು ಹಿಡಿದು ಯುಗಾದಿಯಿಂದ ಹಾಡು ಬಿಟ್ಟಿದ್ದ ದೊಡ್ಡಕ್ಕ, ಪದವಿಲ್ಲದೆ ಮೊಮ್ಮಗಳು ಜ್ಯೋತಿಲಕ್ಷ್ಮಿಗೆ ಅರಿಸಿನ ಮುಟ್ಟಿಸುವುದಿಲ್ಲ ಎಂದು ಹಟ ಹಿಡಿದಿದ್ದಳು. ಅವಳ ದನಿಯನ್ನೇ ಕೇಳಿಸುತ್ತೇನೆಂದು ಮೇಷ್ಟ್ರು ಮಾತು ಕೊಟ್ಟಿದ್ದರು. ಮದುವೆಯ ಅರಿಸಿನ ಶಾಸ್ತ್ರ ಇವತ್ತೇ ಹತ್ತು ಗಂಟೆಗೆ.

ಸರ್ವರನ್ನು ಎಬ್ಬಿಸುವುದು ಹಿಂಬದಿಗೆ ಸಿಕ್ಕಿಸಿದ ಒಂದು ಕರೀ ಪೆನ್‌ಡ್ರೈವ್. ಮೇಷ್ಟ್ರು ಅದನ್ನು ಕಿತ್ತು ಊದಿದರು, ಒರೆಸಿದರು, ಮತ್ತೆ ಸಿಕ್ಕಿಸಿದರು. ಅದೇ ಸಾಲು.

"ಡ್ರೈವ್ ಸತ್ತಿರ್ಬೇಕು ಸಾರ್, ನಾಳೆ ತನ್ನಿ" ಎಂದ ಶಿರಾದ ಕಂಪ್ಯೂಟರ್ ಅಂಗಡಿಯವನು ಫೋನಿನಲ್ಲಿ.

"ದೃಷ್ಟಿ ಆಗೈತೆ ಕಣಪ್ಪ, ನಿಂಬೆಹಣ್ಣು ಇಳಿತಗಿ" ಎಂದರು ಕಿಟಕಿಯಲ್ಲಿ ಇಣುಕಿದ ಎದುರು ಮನೆ ರೇಣುಕಯ್ಯ. ಮೇಷ್ಟ್ರ ಹೆಂಡತಿ ವನಜಾ ಆಗಲೇ ನಿಂಬೆಹಣ್ಣು ಹಿಡಿದು ನಿಂತಿದ್ದಳು.

ಒಂಬತ್ತೂವರೆಗೆ ಶಾಸ್ತ್ರಕ್ಕೆಂದು ಟ್ರ್ಯಾಕ್ಟರಿನಲ್ಲಿ ಕುರ್ಚಿ ತಂದ ಹಿಂದಿನ ಮನೆ ಬೊಮ್ಮಣ್ಣ ಒಳಗೆ ಬಂದ.

"ಇನ್ನೂ ಎದ್ದಿಲ್ವಾ ಮೇಷ್ಟ್ರೇ ನಿಮ್ ಪೆಟ್ಗೆ? ನಮ್ ಟ್ರ್ಯಾಕ್ಟರೂ ಅಂಗೇ ಕಣ್ರಿ. ಆಯುಧಪೂಜೆಯಿಂದ ಪೆನ್‌ಡ್ರೈವ್ ಸಿಕ್ಸುದ್ರೂ ಒಂದ್ ಹಾಡೂ ಹಾಡಕ್ಕಿಲ್ಲ, ಮೂಗ್ಬಸವ ಆಗೋಗೈತೆ."

ಮೇಷ್ಟ್ರು ಹಣೆ ಚಚ್ಚಿಕೊಂಡರು. ಹಬ್ಬದಂದು ತಮ್ಮ ಮನೆ, ಬೊಮ್ಮಣ್ಣನ ಮನೆ ಎರಡರ ಸಣ್ಣಪುಟ್ಟ ಸಾಮಾನೆಲ್ಲ ಒಂದೇ ತಟ್ಟೆಯಲ್ಲಿಟ್ಟು, ಕುಂಕುಮ ಹಚ್ಚಿ, ಮಂಗಳಾರತಿ ಎತ್ತಿ, ಭಕ್ತಿಯಿಂದ ವಾಪಸ್ ಹಂಚಿದವರು ಅವರೇ! ಪೆನ್‌ಡ್ರೈವ್ ಎರಡೂ ಕರಿಯವೇ. ಅಂದು ಬಂದ್ ಮಾಡಿದ್ದ ಸರ್ವರನ್ನು ಮತ್ತೆ ಹಚ್ಚಿದ್ದು ಇವತ್ತೇ.

ಬರಿಗಾಲಲ್ಲೇ ಓಡಿ ಟ್ರ್ಯಾಕ್ಟರಿನದನ್ನು ಕಿತ್ತು ತಂದು ಸಿಕ್ಕಿಸಿದರು. ಸರ್ವರ್ ನಿದ್ದೆ ತಿಳಿದ ಕೂಸಿನಂತೆ ಕಣ್ಣು ಬಿಟ್ಟಿತು.

"ನಿಂಬೆಹಣ್ಣು!" ಎಂದು ರೇಣುಕಯ್ಯ ಮೀಸೆ ತಿರುವಿದರು.

ಸ್ಪೀಕರಿನ ತಂತಿ ಗೋಡೆ ದಾಟಿತು. ಸರಿಯಾಗಿ ಹತ್ತಕ್ಕೆ ದೊಡ್ಡಕ್ಕನ ದನಿ ಅವಳ ಅಂಗಳ ತುಂಬಿತು. ಬೊಮ್ಮಣ್ಣ ಶಿಳ್ಳೆ ಹೊಡೆದ. ಮೇಷ್ಟ್ರು ಬೇಲಿ ಹತ್ತಿದ ಹುಂಜದಂತೆ ಎದೆ ಸೆಟೆಸಿ ನಿಂತರು.

"ನಿಲ್ಸ್ಲಾ ಅದ್ನ!" ಕೂಗಿದಳು ದೊಡ್ಡಕ್ಕ. "ಎರಡ್ನೇ ನುಡಿ ನುಂಗ್ಬುಟ್ಟವ್ಳೆ. ಯಾವೋಳ್ಲಾ ಅವ್ಳು?"

"ನೀನೇ ಕಣಕ್ಕ!" ಎಂದರು ಮೇಷ್ಟ್ರು.

"ನಾನಾ? ನಾನ್ ಇಂಗಾ ಹಾಡೋದು?"

ಗಂಟಲು ಕೆರೆದು ಅವಳೇ ಎತ್ತಿಕೊಂಡಳು. ಮೊದಲ ಸಾಲು ಎಣ್ಣೆ ಕಾಣದ ರಾಟೆಯಂತೆ ಕಿರುಗುಟ್ಟಿತು. ಎರಡನೇ ನುಡಿಗೆ ತುಂಬಿದ ಬಿಂದಿಗೆಯಂತೆ ದನಿ ಮೇಲೆದ್ದು ಬಂತು. ಹೆಂಗಸರೆಲ್ಲ ಸೊಲ್ಲು ಸೇರಿಸಿದರು. ಹಾಡುತ್ತಲೇ ಅವಳು ಮೊಮ್ಮಗಳ ಕೆನ್ನೆಗೆ ಅರಿಸಿನ ಬಳಿದಳು. ಹಸೆಯ ಮೇಲೆ ತಾಯಿ ಮಹಾಲಕ್ಷ್ಮಿಯೇ ಬಂದು ಕೂತಂತಿತ್ತು. ಮೇಷ್ಟ್ರ ಕಣ್ಣು ಒದ್ದೆಯಾಯಿತು.

ಪದ ಮುಗಿಸಿ ದೊಡ್ಡಕ್ಕ ಅವರನ್ನು ಹತ್ತಿರ ಕರೆದಳು.

"ಲೇ ಮುತ್ತ, ಆ ಪೆಟ್ಗೇಲಿರೋವೆಲ್ಲಾ ಅಳ್ಸಾಕು. ಅರವತ್ತೆರಡ್ನೂ ಹೊಸ್ದಾಗಿ ಹಾಡ್ತೀನಿ. ಈ ಭಾನ್ವಾರದಿಂದ್ಲೇ ಬಂದ್ಬುಡು."